ಅಪ್ಪನ ಮನೆ ಮಾರುವುದಿದ್ದರೆ ಮುಂಗಡ ಹಿಡಿಯುವ ಮುನ್ನ

ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದಾರೆ. ಮನೆ ಅವರ ಸ್ವಯಾರ್ಜಿತ. ತಾಯಿ ಇದ್ದಾರೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಹಿರಿಯವನಿಗೆ ಮಾರುವ ಆತುರ. ಅದೇ ಮನೆಯಲ್ಲಿ ವಾಸವಿರುವ ಕಿರಿಯವನಿಗೆ ಮಾರಲು ಮನಸ್ಸಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವ ಇಂಥ ಕುಟುಂಬ ಏನು ಮಾಡಬೇಕು? (ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ.)

ಯಾರಿಗೆಷ್ಟು?

ನಾಲ್ವರಿಗೂ ಸಮಪಾಲು, ತಲಾ ಕಾಲು ಭಾಗ. ‘ಮದುವೆಗೆ ಚಿನ್ನ ಹಾಕಿದ್ದೇವಲ್ಲ’ ಎಂದರೆ ಮಗಳ ಪಾಲು ಕರಗುವುದಿಲ್ಲ. ಆಸ್ತಿ ಪಿತ್ರಾರ್ಜಿತವಾದರೆ ಲೆಕ್ಕ ಬದಲಾಗುತ್ತದೆ. ಅಲ್ಲೂ ಮಗಳು ಹುಟ್ಟಿನಿಂದಲೇ ಹಕ್ಕುದಾರಳು. ಈ ಹಕ್ಕು ಕೊಟ್ಟ 2005ರ ತಿದ್ದುಪಡಿ ಜಾರಿಯಾದಾಗ ತಂದೆ ಬದುಕಿರಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಕಾಗದಪತ್ರ

ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಕ್ರಯಪತ್ರ, ತಂದೆ ಖರೀದಿಸಿದ ವರ್ಷದಿಂದ ಈವರೆಗಿನ ಇಸಿ (ಋಣಭಾರ ಪ್ರಮಾಣಪತ್ರ), ಇ-ಖಾತೆ, ತೆರಿಗೆ ರಸೀದಿ ಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಲ್ಲಿ ‘ಮರೆಯುವುದು’ ಹಳೆಯ ಚಾಳಿ. ಹಾಗೆ ಮಾರಿದ ಮನೆಯ ಮೇಲೆ ಆಕೆ ದಾವೆ ಹೂಡಿದರೆ ಕೊಂಡವರೂ ಕೋರ್ಟಿಗೆ ಅಲೆಯಬೇಕಾಗುತ್ತದೆ. ಖಾತೆ ಒಬ್ಬನ ಹೆಸರಿಗೆ ಬಂದ ಮಾತ್ರಕ್ಕೆ ಮನೆ ಅವನದಾಗದು. ಅದು ತೆರಿಗೆಯ ದಾಖಲೆ ಅಷ್ಟೇ. ಜಮೀನಾದರೆ ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು), ಒಂದು ಭಾಗವನ್ನಷ್ಟೇ ಮಾರುವುದಾದರೆ ಆ ಭಾಗವನ್ನು ಅಳೆದು ಗುರುತಿಸುವ 11ಇ ಸರ್ವೆ ನಕ್ಷೆ ಮಾಡಿಸಬೇಕು.

ಹಳೆಯ ಬಾಕಿ

ಜಗಳ ಹೊತ್ತಿಕೊಳ್ಳುವುದು ಮಾರಾಟದ ಬೆಲೆಗಿಂತ ಹೆಚ್ಚಾಗಿ ಇಲ್ಲೇ. ಮನೆಗೆ 80 ಲಕ್ಷ ರೂಪಾಯಿ ಬರುತ್ತದೆ ಎಂದಿಟ್ಟುಕೊಳ್ಳಿ. ಕಿರಿಯವನು 9 ಲಕ್ಷ ಹಾಕಿ ಮಹಡಿ ಕಟ್ಟಿಸಿದ್ದಾನೆ, ಹಿರಿಯವನು ತಂದೆಯ 3 ಲಕ್ಷದ ಬ್ಯಾಂಕ್ ಸಾಲ ತೀರಿಸಿದ್ದಾನೆ. ಎಲ್ಲರೂ ಒಪ್ಪಿದರೆ ಈ 12 ಲಕ್ಷವನ್ನು ಮೊದಲು ಕಳೆಯಿರಿ. ಉಳಿದ 68 ಲಕ್ಷದಲ್ಲಿ ತಲಾ 17. ಕಿರಿಯವನ ಕೈಗೆ 26, ಹಿರಿಯವನಿಗೆ 20, ತಾಯಿಗೂ ಮಗಳಿಗೂ ತಲಾ 17 ಲಕ್ಷ. ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಇರುವ ಖರ್ಚನ್ನಷ್ಟೇ ಸೇರಿಸಿ. ಅಮ್ಮನನ್ನು ನೋಡಿಕೊಂಡದ್ದಕ್ಕೆ ದರ ಕಟ್ಟಲು ಹೊರಟರೆ ಮಾತುಕತೆ ಅಲ್ಲಿಗೇ ಮುರಿಯುತ್ತದೆ. ಆಕೆಯ ಪಾಲು ಯಾರಿಗೆ ಎಂಬುದನ್ನು ಆಕೆಗೇ ಬಿಡುವುದು ಲೇಸು.

ಮನೆಯವರಿಗೇ ಮೊದಲು

ಸಹ-ವಾರಸುದಾರ ತನ್ನ ಪಾಲು ಮಾರಲು ಹೊರಟಾಗ ಅದನ್ನು ಕೊಳ್ಳುವ ಮೊದಲ ಹಕ್ಕನ್ನು ಕಾಯ್ದೆಯ 22ನೇ ಕಲಂ ಉಳಿದವರಿಗೆ ಕೊಟ್ಟಿದೆ. ಬೆಲೆ ಹೊಂದದಿದ್ದರೆ ಕೋರ್ಟ್ ನಿಗದಿಪಡಿಸುತ್ತದೆ. ಅಲ್ಲಿಗೆ ಹೋಗುವ ಬದಲು ಇಬ್ಬರು ಮೌಲ್ಯಮಾಪಕರಿಂದ ವರದಿ ತರಿಸಿ. ಸರ್ಕಾರಿ ಮಾರ್ಗಸೂಚಿ ದರವನ್ನು ಪೇಟೆ ಬೆಲೆ ಎಂದು ವಾದಿಸಬೇಡಿ. ಕಿರಿಯವನಿಗೆ 60 ದಿನ ಕೊಟ್ಟು, ಸಾಲ ಮಂಜೂರಾತಿ ಪತ್ರ ಕೇಳಿ. ಅವನೇ ಕೊಂಡರೆ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ, ಡಿಡಿಗಳನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲೇ ಕೈಗಿಡಲಿ. ಯಾರ ಪರವಾಗಿ ಬಿಟ್ಟದ್ದು ಎಂದು ಪತ್ರದಲ್ಲಿ ಹೆಸರಿರಲಿ. ಸ್ಟಾಂಪ್ ಕಾಗದದಲ್ಲಿ ಬರೆದು ಮನೆಯಲ್ಲೇ ಇಟ್ಟುಕೊಂಡ ಬಿಡುಗಡೆ ಪತ್ರದಿಂದ ಹಕ್ಕು ಕೈಬದಲಾಗದು.

ಹೊರಗಿನವರಿಗಾದರೆ

ಕರಾರಿಗೆ ನಾಲ್ವರೂ ಸಹಿ ಹಾಕುವವರೆಗೆ ಒಂದು ರೂಪಾಯಿ ಮುಂಗಡವೂ ಬೇಡ. ಅಣ್ಣ ಒಬ್ಬನೇ ಮುಂಗಡ ಹಿಡಿದರೆ ತಂಗಿ ತಡೆಯಾಜ್ಞೆ ತರುತ್ತಾಳೆ, ಕೊಳ್ಳುವವನು ಕರಾರು ಜಾರಿಗೆ ದಾವೆ ಹೂಡುತ್ತಾನೆ. ಅಣ್ಣ ನಡುವೆ ಸಿಕ್ಕಿಕೊಳ್ಳುತ್ತಾನೆ. ಹಣ ಪ್ರತಿಯೊಬ್ಬರ ಬ್ಯಾಂಕ್ ಖಾತೆಗೂ ನೇರ ಬರಲಿ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಖರೀದಿದಾರ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿಯುತ್ತಾನೆ. 2024ರ ಅಕ್ಟೋಬರ್‌ನಿಂದ ಈ 50 ಲಕ್ಷದ ಮಿತಿಗೆ ಒಬ್ಬೊಬ್ಬರ ಪಾಲಲ್ಲ, ಒಟ್ಟು ಬೆಲೆಯೇ ಲೆಕ್ಕ. ಅನಿವಾಸಿ ವಾರಸುದಾರರಿದ್ದರೆ ಅವರ ಪಾಲಿಗೆ ದರ ಇನ್ನೂ ಹೆಚ್ಚು. ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಅವರು ಕಳಿಸಿದ ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಒಪ್ಪಿಗೆ ಆಗದಿದ್ದರೆ

ಪಾಲಿನ ದಾವೆಯೇ ದಾರಿ. ಕೋರ್ಟಿನ ಪ್ರಾಥಮಿಕ ಡಿಕ್ರಿ (ತೀರ್ಪಿನ ಆದೇಶ) ಯಾರಿಗೆಷ್ಟು ಪಾಲು ಎಂದು ಹೇಳುತ್ತದೆ, ಅಂತಿಮ ಡಿಕ್ರಿ ಹಂಚುತ್ತದೆ. ನಡುವೆ ವರ್ಷಗಳೇ ಉರುಳುತ್ತವೆ. 30x40ರ ಮನೆಯನ್ನು ನಾಲ್ಕು ಸೀಳು ಮಾಡಲಾಗದು. ಆಗ ಅರ್ಧ ಅಥವಾ ಹೆಚ್ಚು ಪಾಲುಳ್ಳವರು ಕೇಳಿದರೆ 1893ರ ವಿಭಾಗ ಕಾಯ್ದೆಯಡಿ ಕೋರ್ಟ್ ಮಾರಾಟಕ್ಕೆ ಆದೇಶಿಸಬಹುದು, ಮಾರಲೊಪ್ಪದವರು ಮೌಲ್ಯ ಕಟ್ಟಿಸಿ ತಾವೇ ಕೊಳ್ಳಬಹುದು. ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಿರುವ ಹೆಣ್ಣುಮಕ್ಕಳು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಬೇಕು: ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ.