ಎಡಪುಟದಲ್ಲಿ ಲೆಕ್ಕ, ಬಲಪುಟದಲ್ಲಿ ತಪ್ಪಿನ ಜಾಡು

ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನಾನು, ಮೊದಲ ಹಲವು ವರ್ಷ ಮಕ್ಕಳ ಉತ್ತರ ಪತ್ರಿಕೆಗಳನ್ನು ಎರಡೆರಡು ರಾತ್ರಿ ಕುಳಿತು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ತಪ್ಪಿದ ಪ್ರತಿಯೊಂದು ಹೆಜ್ಜೆಯ ಪಕ್ಕದಲ್ಲೂ ಸರಿಯಾದುದನ್ನು ಬರೆದು ಕೊಟ್ಟರೆ ಮಕ್ಕಳು ಅದನ್ನು ನೋಡಿ ಕಲಿಯುತ್ತಾರೆಂಬುದು ನನ್ನ ನಂಬಿಕೆಯಾಗಿತ್ತು. ಆದರೆ ಪತ್ರಿಕೆ ಕೈಗೆ ಬಂದೊಡನೆ ಅವರು ನೋಡುತ್ತಿದ್ದುದು ಮೇಲ್ತುದಿಯ ಅಂಕವನ್ನು ಮಾತ್ರ. ಪಕ್ಕದವರ ಅಂಕವನ್ನೂ ಒಮ್ಮೆ ಇಣುಕಿ ನೋಡಿ, ಪತ್ರಿಕೆಯನ್ನು ಮಡಚಿ ಚೀಲದೊಳಗೆ ಹಾಕಿಬಿಡುತ್ತಿದ್ದರು.

ರುತ್ ಬಟ್ಲರ್ ಎಂಬ ಮನೋವಿಜ್ಞಾನಿ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ವಿಷಯ ಓದಿದಾಗ ನನಗೆ ನನ್ನ ತರಗತಿಯೇ ಕಣ್ಣ ಮುಂದೆ ಬಂದಿತು. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಇನ್ನು ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದಾಗ, ಟಿಪ್ಪಣಿ ಮಾತ್ರ ಪಡೆದವರ ಆಸಕ್ತಿಯೂ ಸಾಧನೆಯೂ ಹೆಚ್ಚಿದ್ದವು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಉಳಿಯಲಿಲ್ಲ. ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ವರ್ಷದ ನಡುನಡುವೆ ಕಲಿಕೆಯನ್ನು ಅಳೆಯುವ ಪರೀಕ್ಷೆಗಳ, ಅಂಕಗಳನ್ನು ದಾಖಲಿಸಲೇಬೇಕಾದುದರಿಂದ ನಾನು ಅಂಕವನ್ನು ಕೈಬಿಡುವಂತಿರಲಿಲ್ಲ. ಹಾಗಾಗಿ ಅದನ್ನು ವಹಿಯಲ್ಲಿ ಬರೆದಿಟ್ಟುಕೊಂಡು, ಮಕ್ಕಳಿಗೆ ಒಂದು ವಾರ ತಡಮಾಡಿ ತಿಳಿಸತೊಡಗಿದೆ. ಆ ವಾರ ಅವರು ತಮ್ಮ ಪತ್ರಿಕೆಯನ್ನು ತಾವೇ ಪರಿಶೀಲಿಸಬೇಕು: ನೋಟ್‌ಬುಕ್ಕಿನ ಎಡಪುಟದಲ್ಲಿ ತಾವು ಮಾಡಿದ ಲೆಕ್ಕ, ಬಲಪುಟದಲ್ಲಿ ಅದರ ವಿಮರ್ಶೆ.

ಮೊದಲ ಸಲ ನಾನೇ ಎಡವಿದೆ. ‘ನಿನ್ನ ಕೊರತೆಗಳೇನು, ಬರೆ’ ಎಂದು ಕೇಳಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಬಲಪುಟದಲ್ಲಿ ‘ನನಗೆ ಗಣಿತ ಬರುವುದಿಲ್ಲ, ನಾನು ದಡ್ಡಿ’ ಎಂದು ಒಂದೇ ಸಾಲು ಬರೆದು, ಪುಸ್ತಕವನ್ನು ಮೇಜಿನ ಮೇಲೆ ಕವುಚಿಟ್ಟು ಹೋಗಿದ್ದಳು. ಲೆಕ್ಕವನ್ನು ವಿಮರ್ಶಿಸುವ ಬದಲು ತನ್ನನ್ನೇ ಹಳಿದುಕೊಳ್ಳುವಂತೆ ಆ ಮಗುವನ್ನು ಮಾಡಿದ್ದು ನನ್ನ ಪ್ರಶ್ನೆ. ಆ ಸಾಲು ಇಂದಿಗೂ ನನ್ನನ್ನು ನೋಯಿಸುತ್ತದೆ.

ಮರುದಿನವೇ ಪ್ರಶ್ನೆಯನ್ನು ಬದಲಿಸಿದೆ: ಎಷ್ಟನೆಯ ಸಾಲಿನವರೆಗೆ ನಿನ್ನ ಲೆಕ್ಕ ಸರಿಯಾಗಿದೆ? ಅದರ ಮುಂದಿನ ಸಾಲಿನಲ್ಲಿ ಏನಾಯಿತು? ಅವಳ ಜೊತೆ ಬೆಂಚಿನಲ್ಲಿ ಕುಳಿತು 5 − 3(ಎಕ್ಸ್ − 2) = 2 ಎಂಬ ಸಮೀಕರಣವನ್ನು ನೋಡಿದೆವು. ಅವಳಿಗೆ ಬಂದ ಉತ್ತರ −1. ‘ತಾಳೆ ನೋಡು’ ಎಂದೆ. −1ನ್ನು ಹಾಕಿ ನೋಡಿದಾಗ ಎಡಬದಿಯಲ್ಲಿ 2ರ ಬದಲು 14 ಬಂದಿತು. ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದ ಸದ್ದಿನಲ್ಲಿ ಅವಳ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಬೆರಳು ಮಾತ್ರ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಆವರಣ ಬಿಡಿಸಿದ ಕಡೆ ಬೆರಳು ನಿಂತಿತು. +6 ಆಗಬೇಕಾದಲ್ಲಿ −6 ಎಂದು ಬರೆದಿದ್ದಳು. ‘ಸರ್, ಇಲ್ಲಿಯವರೆಗೆ ಸರಿ ಇತ್ತಲ್ಲ!’ ಎಂದಳು. ಹಿಂದಿನ ಪುಟಗಳನ್ನೂ ತಿರುವಿ ನೋಡಿದಳು. ತಪ್ಪಿದ ಒಂಬತ್ತು ಲೆಕ್ಕಗಳಲ್ಲಿ ಆರು ಇದೇ ಜಾಗದಲ್ಲಿ ತಪ್ಪಿದ್ದವು. ಗಣಿತವೇ ಬಾರದೆಂದು ನಂಬಿದ್ದವಳಿಗೆ, ಬಾರದಿದ್ದುದು ಋಣ ಚಿಹ್ನೆಯ ಒಂದು ಗುಣಾಕಾರ ಮಾತ್ರವೆಂದು ತಾನಾಗಿಯೇ ತಿಳಿಯಿತು.

ನನ್ನ ಪ್ರೋತ್ಸಾಹದ ಮಾತನ್ನೂ ತಿದ್ದಿಕೊಳ್ಳಬೇಕಾಯಿತು. ‘ಜಾಣೆ’, ‘ಶಹಬ್ಬಾಸ್’ ಎಂಬ ಮಾತುಗಳು ಕೇಳಲು ಹಿತವಾದರೂ, ತಾನು ಮಾಡಿದ್ದರಲ್ಲಿ ಯಾವುದು ಸರಿಯಾಯಿತೆಂದು ಮಗುವಿಗೆ ಹೇಳುವುದಿಲ್ಲ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿಗಾಗಿ ಹೊಗಳಿಸಿಕೊಂಡ ಮಕ್ಕಳು ಸೋಲು ಎದುರಾದಾಗ ಬೇಗ ಕುಗ್ಗಿದರು. ಪ್ರಯತ್ನಕ್ಕಾಗಿ ಹೊಗಳಿಸಿಕೊಂಡವರು ಕೆಲಸವನ್ನು ಹೆಚ್ಚು ಆಸಕ್ತಿಯಿಂದ ಮುಂದುವರಿಸಿದರು. ಈಗ ನಾನು ‘ಉತ್ತರ ಬಂದ ಮೇಲೂ ತಾಳೆ ನೋಡಿದೆಯಲ್ಲ, ಅದು ಒಳ್ಳೆಯ ಕೆಲಸ’ ಎಂದು ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಸುಳ್ಳು ಹೊಗಳಿಕೆಯನ್ನು ಮಕ್ಕಳು ಬಹು ಬೇಗ ಗುರುತಿಸುತ್ತಾರೆ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಮನೆಯಲ್ಲೇ ಉಳಿಯುತ್ತಿದ್ದ ಕೆಲವರ ಬಲಪುಟ ಖಾಲಿಯಾಗಿಯೇ ಇತ್ತು. ಅಂಥವರಲ್ಲಿ ಒಬ್ಬ ಹುಡುಗನಿಗೆ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ಕೊಟ್ಟೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬುದು ಅವನಿಗೆ ಮನೆಯಲ್ಲೇ ಗೊತ್ತಿತ್ತು. 60 ಲೀಟರಿಗೆ ಎಷ್ಟು ಎಂದು ಕೇಳಿದಾಗ ಮೊದಲು 60 ಗ್ರಾಂ ಎಂದು ಬರೆದ. ಬಲಪುಟಕ್ಕೆ ಬಂದು, ‘ಇಷ್ಟು ಕಡಿಮೆ ಹಾಕಿದರೆ ಕೊಳೆ ನಿಲ್ಲುವುದಿಲ್ಲ, ಎಲ್ಲೋ ತಪ್ಪಿದೆ’ ಎಂದು ಬರೆದು, ತಾನೇ 600 ಗ್ರಾಂ ಎಂದು ತಿದ್ದಿದ. ಅವನ ಪುಸ್ತಕದ ಬಲಪುಟದಲ್ಲಿ ನಾನು ಕಂಡ ಮೊದಲ ಬರಹ ಅದು.

ಆ ಹುಡುಗಿ ವರ್ಷದ ಕೊನೆಗೆ ಒಂದು ಹಾಳೆ ತಂದುಕೊಟ್ಟಳು. ಅದರಲ್ಲಿ ಅವಳೇ ರಚಿಸಿದ ಐದು ಸಮೀಕರಣಗಳಿದ್ದವು. ಪ್ರತಿಯೊಂದರಲ್ಲೂ ಆವರಣದ ಮುಂದೆ ಒಂದು ಋಣ ಚಿಹ್ನೆ. ‘ಇದನ್ನು ಬೋರ್ಡಿನ ಮೇಲೆ ಹಾಕಿ ಸರ್, ಯಾರು ಎಲ್ಲಿ ತಪ್ಪುತ್ತಾರೆಂದು ನಾನು ನೋಡಬೇಕು’ ಎಂದಳು.