ಮೊಣಕಾಲಿನ ಎಕ್ಸ್‌ರೇ: ನಾನು ನಿಲ್ಲಿಸಿ ತೆಗೆಯೋಕೆ ಶುರು ಮಾಡಿದ್ದು

ಕಲಬುರಗಿಯಲ್ಲಿ ಎಕ್ಸ್‌ರೇ ತೆಗೆಯೋದು ನನ್ನ ಕೆಲಸ. ತೊಗರಿ ರಾಶಿ ಮುಗಿದ ಮೇಲೆ ಮೊಣಕಾಲು ನೋವಿನವರು ಜಾಸ್ತಿ. ಆಳಂದ, ಜೇವರ್ಗಿ, ಚಿಂಚೋಳಿ ಕಡೆಯವರು ಬೆಳಗಿನ ಬಸ್ಸಿಗೇ ಬಂದು ಕೂತಿರ್ತಾರೆ. ಮೊದಲೆರಡು ವರ್ಷ ಎಲ್ಲರನ್ನೂ ಟೇಬಲ್ ಮೇಲೆ ಮಲಗಿಸಿಯೇ ತೆಗೆದೆ. ಬೇಗ ಆಗುತ್ತೆ, ಕಾಲೂ ಅಲುಗಾಡಲ್ಲ ಅಲ್ವಾ.

ಒಮ್ಮೆ ಒಬ್ಬ ಅವ್ವ ನಾನೇ ತೆಗೆದಿದ್ದ ಫಿಲ್ಮ್ ಹಿಡಿದು ವಾಪಸ್ ಬಂದರು. "ಗ್ಯಾಪ್ ಚಲೋ ಅದ ಅಂತಾರ, ನನಗ ಮೆಟ್ಟಲಾ ಹತ್ಲಾಕ ಆಗವಲ್ದು ಯಪ್ಪಾ." ಈ ಸಲ ಡಾಕ್ಟರ್ ಚೀಟಿಯಲ್ಲಿ 'ನಿಲ್ಲಿಸಿ ತೆಗೆಯಿರಿ' ಅಂತ ಬರೆದಿದ್ದರು. ಅವ್ವನನ್ನು ನಿಲ್ಲಿಸಿ ತೆಗೆದೆ. ಅದೇ ಬಲಗಾಲು, ಆದರೆ ಒಳಬದಿಯಲ್ಲಿ ಎರಡು ಎಲುಬಿನ ನಡುವಿನ ಗ್ಯಾಪ್ ಕಾಣಲೇ ಇಲ್ಲ, ಎಲುಬಿಗೆ ಎಲುಬು ತಾಗಿತ್ತು. ಮಲಗಿದಾಗ ಕಾಲಿನ ಮೇಲೆ ಮೈಭಾರ ಇರಲ್ಲ, ಸವೆದ ಜಾಗವೂ ತೆರೆದೇ ಇರುತ್ತೆ. ತಪ್ಪು ನನ್ನದೇ.

ತೊಂದರೆ ಏನಂದ್ರೆ ನಮ್ಮ ಹಳೆ ಮಷಿನ್ನಿನ, ಎಕ್ಸ್‌ರೇ ಬಿಡುವ ಟ್ಯೂಬ್ ಮೊಣಕಾಲಿನ ಮಟ್ಟಕ್ಕೆ ಸರಿಯಾಗಿ ಇಳೀತಿರಲಿಲ್ಲ. ಬಡಗಿಯ ಹತ್ತಿರ ಎರಡು ಮೆಟ್ಟಿಲಿನ, ಹಿಡಿಕೆ ಇರುವ ಮರದ ಕಟ್ಟೆ ಮಾಡಿಸಿದೆ. ಈಗ ಅದರ ಮೇಲೆ ಹತ್ತಿಸಿ, ಎರಡೂ ಕಾಲಿಗೆ ಸಮ ಭಾರ ಬಿಡಿಸಿ ತೆಗೀತೀನಿ. ಡಾಕ್ಟರ್ ಕೇಳಿದರೆ ಇನ್ನೊಂದು: ರೋಗಿ ಫಿಲ್ಮ್ ಇರುವ ಬೋರ್ಡಿಗೆ ಮುಖ ಮಾಡಿ ನಿಂತು ಮೊಣಕಾಲು 45 ಡಿಗ್ರಿ ಮಡಚಬೇಕು, ಟ್ಯೂಬ್ ಹಿಂದಿನಿಂದ 10 ಡಿಗ್ರಿ ಕೆಳಮುಖ. ತೊಡೆ ಎಲುಬಿನ ಹಿಂಭಾಗದ ಸವೆತ ನೆಟ್ಟಗೆ ನಿಂತಾಗ ಸಿಗದಿದ್ದರೂ ಇದರಲ್ಲಿ ಸಿಕ್ಕಿಬೀಳುತ್ತೆ.

ಎಕ್ಸ್‌ರೇನಲ್ಲಿ ಕಾಣೋದು ಎಲುಬು ಮಾತ್ರ. ನಡುವಿನ ಗ್ಯಾಪ್‌ನಲ್ಲಿ ಕಾರ್ಟಿಲೇಜ್ (ಎಲುಬಿನ ತುದಿಗೆ ಹೊದ್ದಿರುವ ನುಣುಪಾದ ಪದರ) ಇದೆ, ಮೆನಿಸ್ಕಸ್ಸೂ ಇದೆ, ಎರಡೂ ಕಾಣಲ್ಲ. ಮೆನಿಸ್ಕಸ್ ಅಂದ್ರೆ ಕೊಡದ ಕೆಳಗಿನ ಸಿಂಬಿ ಇದ್ದಂಗೆ. ಸಿಂಬಿ ಪಕ್ಕಕ್ಕೆ ಜಾರಿದರೂ ಕೊಡ ತಲೆಗೆ ಒತ್ತುತ್ತೆ. ಹಂಗೇ ಮೆನಿಸ್ಕಸ್ ಹೊರಗೆ ಸರಿದರೂ ಗ್ಯಾಪ್ ಕಮ್ಮಿಯಾಗುತ್ತೆ, ಆದ್ದರಿಂದ ಗ್ಯಾಪ್ ಸಣ್ಣದಾದರೆ ಬರೀ ಕಾರ್ಟಿಲೇಜ್ ಸವೆದಿದೆ ಅನ್ನೋಕೆ ಬರಲ್ಲ. ಅದನ್ನು ನೋಡೋಕೆ ಎಂಆರ್‌ಐ ಬೇಕು.

ಹಂಗಂತ ಎಲ್ಲರಿಗೂ ಎಂಆರ್‌ಐ ಯಾಕೆ? ಕಬಡ್ಡಿ ಆಡುವಾಗ ಕಾಲು ತಿರುಚಿ, ನೆಟ್ಟಗಾಗದೆ ಸಿಕ್ಕಿಕೊಂಡ ಹುಡುಗನಿಗೆ ಬೇಕು. ಅರವತ್ತು ದಾಟಿದವರ ರಿಪೋರ್ಟಿನಲ್ಲಿ 'ಮೆನಿಸ್ಕಸ್ ಹರಿದಿದೆ' ಅಂತ ಬಂದರೆ ಮನೆಯವರೆಲ್ಲ ಗಾಬರಿ, ಆಪರೇಷನ್ ಯಾವಾಗ ಅಂತ ಕೇಳ್ತಾರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50ರಿಂದ 90 ವರ್ಷದ 991 ಜನರ ಎಂಆರ್‌ಐ ತೆಗೆದಿದ್ದರು, 2008ರಲ್ಲಿ ಫಲಿತಾಂಶ ಬಂತು. ಮೆನಿಸ್ಕಸ್ ಹರಿದವರಲ್ಲಿ ಶೇ. 61 ಮಂದಿಗೆ ಹಿಂದಿನ ಒಂದು ತಿಂಗಳು ಮೊಣಕಾಲಿನ ನೋವೇ ಇರಲಿಲ್ಲ. ವಯಸ್ಸಾದಾಗ ಕೂದಲು ಬೆಳ್ಳಗಾದಂಗೆ ಅದೂ ಒಂದು, ಎಷ್ಟೋ ಸಲ.

ಅಂದಹಾಗೆ, ಆ ಅವ್ವನ ಎಡಗಾಲೂ ಅದೇ ಫಿಲ್ಮ್‌ನಲ್ಲಿ ಬಂದಿತ್ತು. ಬಲಗಾಲಿಗಿಂತ ಜಾಸ್ತಿ ಸವೆದಿತ್ತು. ಬೆರಳಿಟ್ಟು ತೋರಿಸಿದೆ.

"ಅದು ನೋಯಂಗಿಲ್ಲ ಬಿಡು," ಅಂದರು ಅವ್ವ. "ಅದರ ತಂಟಿಗಿ ಹೋಗಬ್ಯಾಡ."