ಡಯಾಲಿಸಿಸ್ ವರ್ಷಗಳಲ್ಲಿ ನಾನು ಮಾಡಿದ ಪ್ರಾರ್ಥನೆ

ಕಷ್ಟಕಾಲದಲ್ಲಿ ದೇವರು ತಾಳುವ ಬಲ ಕೊಟ್ಟನೆಂದು ಕ್ರೈಸ್ತ ಸಭೆಯಲ್ಲಿ ಸಾಕ್ಷಿ ಹೇಳುವವರು ಬಹಳ. ಆ ಬಲ ಯಾವ ಹೊತ್ತಿನಲ್ಲಿ, ಯಾರ ಕೈಯಿಂದ ಬಂತೆಂದು ಬಿಡಿಸಿ ಹೇಳುವವರು ಕಡಿಮೆ. ನನ್ನ ಮಟ್ಟಿಗೆ ಅದು ಬಂದದ್ದು ಯಾರೋ ಎಂದೋ ಬರೆದಿಟ್ಟ ಮಾತುಗಳಿಂದ ಮತ್ತು ನೆರೆಹೊರೆಯವರು ಬಡಿದು ತಂದ ರೊಟ್ಟಿಗಳಿಂದ. ನನ್ನೊಳಗಿನಿಂದ ಹುಟ್ಟಿದ್ದು ಅತ್ಯಲ್ಪ.

ನಾವು ಗದಗಿಗೆ ಅಂಟಿಕೊಂಡ ಬೆಟಗೇರಿಯವರು. 1841ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಇಲ್ಲಿಗೆ ಬಂದ ಮೇಲೆ ಬೆಳೆದ ಸಭೆಗೆ ಸೇರಿದ ಮನೆತನ ನಮ್ಮದು. ಸಂಜೆಯ ಮನೆಪ್ರಾರ್ಥನೆ ಊಟದಷ್ಟೇ ರೂಢಿ. ಆದರೆ ಯಜಮಾನರ ಎರಡೂ ಕಿಡ್ನಿಗಳು ಸಕ್ಕರೆ ಕಾಯಿಲೆಗೆ ಸೋತು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕೆಂದು ಡಾಕ್ಟರು ಹೇಳಿದ ಮೇಲೆ ನನ್ನ ಬಾಯಿಂದ ಪ್ರಾರ್ಥನೆಯೇ ಹೊರಡದಾಯಿತು. ಒಂದು ಸರದಿಗೆ ನಾಲ್ಕು ಗಂಟೆ. ಮೊದಮೊದಲು ಹುಬ್ಬಳ್ಳಿಗೆ ಹೋಗುತ್ತಿದ್ದೆವು. ಹುಲಕೋಟಿ, ಅಣ್ಣಿಗೇರಿ ದಾಟುವ ರೈಲಿನಲ್ಲಿ ಹೋಗುವಾಗ ಅವರು ಹರಟೆ ಹೊಡೆಯುತ್ತಿದ್ದರು, ಬರುವಾಗ ನನ್ನ ಹೆಗಲಿಗೆ ಒರಗಿ ನಿದ್ದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಎಂಬ ರಾಷ್ಟ್ರೀಯ ಯೋಜನೆ 2016ರಲ್ಲಿ ಬಂದದ್ದರ ಬೆಲೆ, ಹೀಗೆ ಊರಿಂದೂರಿಗೆ ಅಲೆದವರಿಗೆ ಗೊತ್ತು. ಈಗ ನಮಗೂ ಗದಗಿನಲ್ಲೇ ಆಗುತ್ತದೆ.

ಆ ಮೊದಲ ತಿಂಗಳುಗಳಲ್ಲಿ ಮೊಬೈಲ್ ತುಂಬ ಸತ್ಯವೇದದ, ಅಂದರೆ ಬೈಬಲಿನ, ವಚನಗಳು. ಎಲ್ಲಕ್ಕಿಂತ ಹೆಚ್ಚು ಬಂದದ್ದು ಯೆರೆಮೀಯ 29ನೆಯ ಅಧ್ಯಾಯದ 11ನೆಯ ವಚನ: ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆ ಕೇಡಿನದಲ್ಲ, ಹಿತದ್ದು ಎಂದು ದೇವರು ಹೇಳುವ ಮಾತು. ಹೂವಿನ ಚಿತ್ರದ ಮೇಲೆ ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಇಡೀ ಅಧ್ಯಾಯ ಓದಿದೆ. ಅದು ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ. ಬಿಡುಗಡೆ ಎಪ್ಪತ್ತು ವರ್ಷದ ಮೇಲೆ ಎಂದು ಹಿಂದಿನ ವಚನದಲ್ಲೇ ಇದೆ. ಅದಕ್ಕೂ ಮೊದಲು, ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ಮಕ್ಕಳ ಮದುವೆ ಮಾಡಿ ಎಂಬ ಅಪ್ಪಣೆ ಇದೆ. ಹತ್ತನೆಯ ವಚನವನ್ನು ಯಾರೂ ಹೂವಿನ ಚಿತ್ರದ ಮೇಲೆ ಕಳುಹಿಸುವುದಿಲ್ಲ, ಬಿಡಿ. ನನಗೆ ಬೇಕಾಗಿದ್ದದ್ದು ಅದೇ. ಇದು ಬೇಗ ಮುಗಿಯುವ ಕಾಯಿಲೆಯಲ್ಲ, ಇದರೊಳಗೇ ಸಂಸಾರ ಹೂಡಬೇಕು ಎಂದು ಸತ್ಯವೇದವೇ ಹೇಳಿದಂತಾಯಿತು.

ಅಂದಿನಿಂದ ಅಡುಗೆಮನೆಯನ್ನು ಹೊಸದಾಗಿ ಹೂಡಿದೆ. ಆಲೂಗಡ್ಡೆ ಹೆಚ್ಚಿ ಬಹಳ ಹೊತ್ತು ನೀರಿನಲ್ಲಿ ನೆನೆಸಿ, ಬೇರೆ ನೀರಿನಲ್ಲಿ ಬೇಯಿಸಿ, ಆ ನೀರನ್ನೂ ಬಸಿಯುವುದು, ಸೋತ ಕಿಡ್ನಿ ಹೊರಹಾಕಲಾರದ ಪೊಟ್ಯಾಸಿಯಂ ಇಳಿಯಬೇಕಲ್ಲ. ಅವರ ಪಲ್ಯಕ್ಕೆ ಉಪ್ಪು ಹೆಸರಿಗೆ ಮಾತ್ರ. ದಿನಕ್ಕೆ ಕುಡಿಯಬಹುದಾದ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದಿಡುತ್ತೇನೆ. ಚಹಾ, ಸಾರು, ಗುಳಿಗೆ ನುಂಗುವ ಗುಟುಕು ಎಲ್ಲ ಅದರ ಲೆಕ್ಕಕ್ಕೇ. ಏಪ್ರಿಲ್ ತಿಂಗಳ ಗದಗಿನ ಬಿಸಿಲಿನಲ್ಲಿ ಆ ಬಾಟಲಿಯನ್ನು ನೋಡುವ ಅವರ ಕಣ್ಣನ್ನು ನೋಡುವುದು ಕಷ್ಟ. ಮಧ್ಯಾಹ್ನದ ಹೊತ್ತಿಗೇ ಅರ್ಧ ಖಾಲಿಯಾದರೆ ಅವರೇ ನಗುತ್ತಾರೆ: “ನಾಳೆಯದನ್ನು ಇವತ್ತೇ ಕೇಳಬಾರದು, ಅಲ್ಲವೇನೇ?” ಅರಣ್ಯದಲ್ಲಿ ದೇವರು ದಿನದಿನಕ್ಕೆ ಕೊಟ್ಟ ಮನ್ನ ಎಂಬ ಆಹಾರವನ್ನು ಮರುದಿನಕ್ಕೆಂದು ಎತ್ತಿಟ್ಟವರಿಗೆ ಹುಳ ಬಿದ್ದ ಪಾತ್ರೆ ಸಿಕ್ಕಿತಷ್ಟೆ ಎಂದು ನಾನು ನೆನಪಿಸುತ್ತೇನೆ.

ಪ್ರಾರ್ಥನೆಗೆ ಮರಳಿದ್ದು ಹೀಗೆ. ಅವರ ಎಡಗೈಯಲ್ಲಿ ಫಿಸ್ಟುಲಾ ಇದೆ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಎರಡು ರಕ್ತನಾಳಗಳನ್ನು ಕೂಡಿಸಿದ ಜಾಗ. ಅದರ ಮೇಲೆ ಬೆರಳಿಟ್ಟರೆ ಚರ್ಮದಡಿ ಗುಂಯ್ ಎನ್ನುವ ನಡುಕ ತಿಳಿಯಬೇಕು; ತಿಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಓಡಬೇಕು ಎಂದು ಸಿಸ್ಟರ್ ಕಲಿಸಿಕೊಟ್ಟಿದ್ದರು. ಬೆಳಿಗ್ಗೆ, ರಾತ್ರಿ ಹಾಗೆ ಬೆರಳಿಟ್ಟು ನೋಡುವಾಗ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಿಕೊಳ್ಳತೊಡಗಿದೆ. ಬೇರೆ ಮಾತು ಕಟ್ಟುವ ತ್ರಾಣ ಇರಲಿಲ್ಲ. ಅನುದಿನದ ಆಹಾರವನ್ನು ಈಹೊತ್ತು ಕೊಡು ಎಂಬಲ್ಲಿಗೆ ಬಂದಾಗ ಬೆರಳಿಗೆ ಆ ನಡುಕ ತಾಕುತ್ತಿದ್ದರೆ ಸಾಕು, ಅಂದಿನ ಪ್ರಾರ್ಥನೆ ಮುಗಿಯಿತು. ಕಣ್ಣೀರಿನ ದೀರ್ಘ ಪ್ರಾರ್ಥನೆಗಳೇ ನಿಜವಾದವು ಎಂದು ನಂಬುವವರಿಗೆ ಇದು ಸಪ್ಪೆ ಎನಿಸಬಹುದು.

ಸಿಟ್ಟು ಬಂದ ದಿನಗಳಿಗೆ ಸತ್ಯವೇದದ ಕೀರ್ತನೆಗಳಿದ್ದವು. 13ನೆಯದು ‘ಎಷ್ಟರವರೆಗೆ?’ ಎಂದು ದೇವರನ್ನೇ ಮೇಲಿಂದ ಮೇಲೆ ಕೇಳುತ್ತದೆ. ಆದರೂ ಕೊನೆಗೆ ಹಾಡಿಗೆ ತಿರುಗುತ್ತದೆ. 88ನೆಯದು ತಿರುಗುವುದೇ ಇಲ್ಲ. ಆಪ್ತರೆಲ್ಲ ದೂರವಾದರು ಎನ್ನುತ್ತಾ ಕತ್ತಲಲ್ಲೇ ನಿಂತುಬಿಡುತ್ತದೆ. ಅಂಥದ್ದನ್ನು ಆರಾಧನೆಯ ಪುಸ್ತಕದಲ್ಲಿ ಉಳಿಸಿಕೊಂಡವರ ಮೇಲೆ ನನಗೆ ಬಹಳ ಗೌರವ. ಸ್ತುತಿ ಮಾಡಲಾಗದ ರಾತ್ರಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ದೂರು ಹೇಳುವುದಕ್ಕಾದರೂ ಎದುರಿಗೆ ಒಬ್ಬರು ಇರಲೇಬೇಕಲ್ಲವೇ? ನನ್ನ ವಿಶ್ವಾಸ ಆಗ ಉಳಿದಿದ್ದು ಅಷ್ಟೇ, ಆದರೆ ಉಳಿದಿತ್ತು.

ಒಬ್ಬ ಬೋಧಕರು ಮನೆಗೆ ಬಂದು, ಡಯಾಲಿಸಿಸ್ ಬಿಟ್ಟು ಉಪವಾಸ ಮಾಡಿ, ವಿಶ್ವಾಸವಿದ್ದರೆ ಗುಣವಾಗುತ್ತದೆ ಎಂದರು. ಈ ಮಾತು ಪ್ರಾಣಕ್ಕೆ ಎರವಾಗುವಂಥದ್ದು. ಅವರಿಗೆ ಚಹಾ ಕೊಟ್ಟು ಅಪೊಸ್ತಲ ಪೌಲನ ಮಾತು ನೆನಪಿಸಿದೆ: ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆನೆಂದು ಅವನೇ ತಿಮೊಥೆಯನಿಗೆ ಬರೆದಿದ್ದಾನೆ. ತನ್ನ ಶರೀರದ ಶೂಲ ಹೋಗಲೆಂದು ಮೂರು ಸಲ ಬೇಡಿದವನಿಗೆ ಸಿಕ್ಕಿದ್ದು ಕೃಪೆ, ಶೂಲ ಹೋಗಲಿಲ್ಲ. ಬೋಧಕರು ಮತ್ತೆ ಬರಲಿಲ್ಲ.

ರೊಟ್ಟಿಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಸತ್ತರೆ ಸಾಕೆಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟ. ಅವನು ತಿಂದು ಮತ್ತೆ ಮಲಗಿದ. ನಮ್ಮ ಸಭೆಯ ಹೆಂಗಸರು ಡಯಾಲಿಸಿಸ್ ದಿನಗಳನ್ನು ತಮ್ಮೊಳಗೆ ಹಂಚಿಕೊಂಡು ಜೋಳದ ರೊಟ್ಟಿ ಮತ್ತು ಉಪ್ಪಿಲ್ಲದ ಪಲ್ಯದ ಡಬ್ಬಿ ತಂದಿಡತೊಡಗಿದರು. ನೋಡಲು ಬಂದವರು ಅಕ್ಕರೆಯಿಂದ ತರುತ್ತಿದ್ದ ಎಳನೀರು, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಯಜಮಾನರಿಗೆ ವಿಷವಿದ್ದಂತೆ. ಅವನ್ನೆಲ್ಲ ತಿಂದು ನಾನು ದಪ್ಪಗಾದೆ. ಅಕ್ಕ ಎಂದೇ ನಾನು ಕರೆಯುವ ಹಿರಿಯರೊಬ್ಬರು ಡಬ್ಬಿ ಇಟ್ಟು, “ನೀನು ಎರಡು ಗಂಟೆ ಮಲಗು, ನಾನು ಆಸ್ಪತ್ರೆಯಲ್ಲಿ ಕೂರುತ್ತೇನೆ” ಎನ್ನುತ್ತಿದ್ದರು.

ಈಗ ಡಯಾಲಿಸಿಸ್ ಕೋಣೆಯ ಹೊರಗೆ ಹೊಸ ಮುಖ ಕಂಡರೆ ನಾನು ಪಕ್ಕದಲ್ಲಿ ಕೂರುತ್ತೇನೆ. ಯಾವ ಮತದವರೆಂದು ಕೇಳುವುದಿಲ್ಲ. ಸರದಿಯ ದಿನ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ರಾತ್ರಿ ನಿದ್ದೆ ಆಯಿತೇ, ಕೈಯ ನಡುಕ ನೋಡುವುದನ್ನು ಸಿಸ್ಟರ್ ಹೇಳಿಕೊಟ್ಟರೇ ಎಂದು ಕೇಳುತ್ತೇನೆ. ನೀವು ಹೇಗೆ ತಾಳಿಕೊಂಡಿರಿ ಎಂದು ಅವರಾಗಿ ಕೇಳಿದರೆ ಮಾತ್ರ ಚೀಲದಿಂದ ಸತ್ಯವೇದ ತೆಗೆಯುತ್ತೇನೆ, ಅದೂ ಮೊದಲು 88ನೆಯ ಕೀರ್ತನೆಯನ್ನು ತೋರಿಸುವುದಕ್ಕೆ.